ಕೆಳಕೋಣೆಗೆ ಕೆಂಡ, ಮೋರಿಗೆ ಬಾಗಿನ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಕೆಳಕೋಣೆಯಲ್ಲಿ ಮಾತು ನಿಂತಿತು.

ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ನಾನು ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನೇ ಕಾಯುತ್ತಾ ಗೋಡೆ ಗಡಿಯಾರ ನೋಡುತ್ತಿದ್ದೆ. ಮೂರೂಕಾಲಿಗೆ ಕಾಫಿ ಕೈಗೆ ಬರದಿದ್ದರೆ ಅತ್ತೆ ನಮ್ಮ ಮನೆಯ ಮರ್ಯಾದೆಯನ್ನೇ ಎತ್ತಿ ಆಡುತ್ತಿದ್ದಳು. ಅತ್ತೆ ಎಂದರೆ ಅಪ್ಪನ ಅಕ್ಕ, ಚನ್ನರಾಯಪಟ್ಟಣದ ಆಚೆ ತೆಂಗು ಬೆಳೆಯುವ ಒಂದು ಊರಿನವಳು. ನನ್ನ ತಂಗಿಯ ಬಾಣಂತನ ಮಾಡಲೆಂದು ಹೆರಿಗೆಗೆ ಮೊದಲೇ ಬಂದಿಳಿದಿದ್ದಳು. ಅವಳೂ ಅಪ್ಪನೂ ಒಂದು ಕಡೆ ಕೂತರೆ ಮಾತಿಗೆ ಬಿಡುವಿಲ್ಲ. ಜಗಳವಾಡಬೇಕು, ಇಲ್ಲವೇ ಎಂದೋ ಸತ್ತುಹೋದ ಎಮ್ಮೆಗಳನ್ನು ನೆನೆಸಿಕೊಂಡು ನಗಬೇಕು. ಅವತ್ತೂ ಊಟವಾದ ಮೇಲಿನಿಂದ ಇಬ್ಬರೂ ಕೆಳಗಿದ್ದರು. ಅವರ ದನಿ ಅಡುಗೆಮನೆಯ ಹಿಂಬಾಗಿಲಿನಿಂದ ಮೇಲೇರಿ ಬರುತ್ತಲೇ ಇತ್ತು. ಆಮೇಲೆ ಬರಲಿಲ್ಲ.

ಹಾಲು ಉಕ್ಕಿತು. ಒಲೆ ಆರಿಸಿದೆ. ಆಗಲೂ ಸದ್ದಿಲ್ಲ. ನಿದ್ದೆ ಹೋಗಿರಬೇಕು ಎಂದುಕೊಂಡು ಕಾಫಿ ಬೆರೆಸಿದೆ. ಬೆರೆಸಲು ಹಿಡಿದ ಆ ಹೊತ್ತನ್ನು ಮನಸ್ಸು ಈಗಲೂ ಮತ್ತೆ ಮತ್ತೆ ಅಳೆದು ನೋಡುತ್ತದೆ.

ಕೆಳಕೋಣೆಯಲ್ಲಿ ಅವರಿಗೇನು ಕೆಲಸ ಎಂಬುದನ್ನು ಹೇಳಬೇಕು. ನಮ್ಮ ಮನೆ ಹಾಸನದಿಂದ ಬೂವನಹಳ್ಳಿ ಕಡೆಗೆ ಬೆಳೆದ ಒಂದು ಬಡಾವಣೆಯಲ್ಲಿದೆ. ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ಕೇಳಿ ಅಪ್ಪ ನಿವೃತ್ತಿಗೆ ಮೊದಲೇ ಕೊಂಡ ಸೈಟು. ಸೈಟು ಇಳಿಜಾರಿನಲ್ಲಿದೆ. ರಸ್ತೆಯಿಂದ ನೋಡಿದವರಿಗೆ ಒಂದೇ ಅಂತಸ್ತು ಕಾಣುತ್ತದೆ: ಒಂದು ಹಾಲ್, ಒಂದು ರೂಮು, ಅಡುಗೆಮನೆ. ಹಿತ್ತಿಲಿನ ಮೆಟ್ಟಿಲಿಳಿದರೆ ಅದರ ಕೆಳಗೆ ಇನ್ನೊಂದು ದೊಡ್ಡ ಕೋಣೆ. ಅದರ ಒಂದು ಗೋಡೆ ಪೂರ್ತಿ ಮಣ್ಣಿಗೆ ಒರಗಿದೆ. ಬೀದಿಯವರು ಬೇಸ್‌ಮೆಂಟ್ ಎನ್ನುತ್ತಾರೆ, ನಾವು ಕೆಳಕೋಣೆ ಎನ್ನುತ್ತೇವೆ. ಹೆರಿಗೆಯಾಗಿ ಬರಲಿರುವ ತಂಗಿ, ಅವಳ ಮಗು, ಜೊತೆಗೆ ಮಲಗುವ ಅತ್ತೆ, ಇಷ್ಟು ಜನಕ್ಕೆ ಜಾಗವಿದ್ದದ್ದು ಅಲ್ಲಿ ಮಾತ್ರ.

ಆದರೆ ಆ ಮಣ್ಣಿನ ಕಡೆಯ ಗೋಡೆ ಒದ್ದೆ. ಮಳೆಗಾಲದಲ್ಲಾದರೆ ಒಪ್ಪಿಕೊಳ್ಳಬಹುದು. ಯುಗಾದಿ ಕಳೆದು, ಹೊರಗೆ ನೆಲ ಬಿರಿಯುತ್ತಿರುವಾಗಲೂ ಒದ್ದೆ. ಬಣ್ಣ ಗುಳ್ಳೆ ಎದ್ದು ಉದುರುತ್ತಿತ್ತು. ಗಾರೆಯ ಮೇಲೆ ಉಪ್ಪು ಬಿಳಿ ಹೂವಿನಂತೆ ಅರಳುತ್ತಿತ್ತು. ಮೂಲೆಯಲ್ಲಿಟ್ಟ ಚಾಪೆಗೆ ಬೂಷ್ಟು. ಗೊರೂರಿನ ಅಣೆಕಟ್ಟಿನ ಕ್ವಾರ್ಟರ್ಸ್‌ನಲ್ಲಿ ಸರ್ವೀಸು ಪೂರ್ತಿ ಕಳೆದ ಅಪ್ಪ, ನೀರಿನ ವಿಷಯದಲ್ಲಿ ಇನ್ನೊಬ್ಬರ ಮಾತು ಕೇಳುವವನಲ್ಲ. "ಇದು ಅಂತರ್ಜಲ. ತಳದಲ್ಲಿ ಒರತೆ ಐತೆ" ಎಂದು ತೀರ್ಪು ಕೊಟ್ಟು, ಒದ್ದೆ ಕಲೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಜಲಾಶಯದ ಮಟ್ಟ ನೋಡುವವನಂತೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದ. ನೋಡಿ ಏನು ಮಾಡಬೇಕೆಂದು ಮಾತ್ರ ಅವನಿಗೂ ಗೊತ್ತಿರಲಿಲ್ಲ. ಮಳೆ ನೀರು ಒಳಗೆ ಬಡಿಯದಿರಲಿ ಎಂದು ಇದ್ದೊಂದು ಕಿಟಕಿಗೂ ಥರ್ಮೋಕೋಲು ತುರುಕಿ ಮುಚ್ಚಿದ್ದ.

ಅತ್ತೆ ಬಂದವಳೇ ಗೋಡೆ ತಟ್ಟಿ ನೋಡಿ ನಕ್ಕಳು.

"ಒಳೆ ನೀರ್ ತಡ್ದೋನು, ಗ್ವಾಡೆ ನೀರ್ ತಡಿಯಕ್ ಆಗ್ಲಿಲ್ವೇನ್ಲಾ? ಒಂದು ಗೇಟಾದ್ರೂ ಆಕ್ಸು."

"ಅಕ್ಕ, ಇದು ಒರತೆ ನೀರು ಕಣ. ನಿಂಗೆ ಗೊತ್ತಾಗಲ್ಲ."

"ನಂಗೆ ಗೊತ್ತಾಗಲ್ವಾ? ನಮ್ಮಟ್ಟೀಲಿ ಅಟ್ಟದ್ ಮ್ಯಾಲೆ ಕಾಯಿ ವರ್ಸಾನ್ಗಟ್ಲೆ ಕೂತಿರ್ತವೆ. ಕೆಳಗಿನ್ ಒಲೆ ಬಿಸಿಗೆ ಒಳಗಿನ್ ನೀರೆಲ್ಲ ಆರಿ, ಅಲ್ಲಾಡ್ಸುದ್ರೆ ಗಡಗಡ ಅಂತವೆ. ಚಿಪ್ಪಿನೊಳಗಿನ್ ನೀರೇ ಆರೋಗ್ತದೆ, ಗ್ವಾಡೆ ಯಾವ್ ಲೆಕ್ಕ?"

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆ ಕಡೆ ಕೊಬ್ಬರಿ ಆಗುವುದೇ ಹಾಗೆ. ಹೆಂಚಿನ ಮನೆಯ ಅಟ್ಟದಲ್ಲಿ ಕಾಯಿ, ಕೆಳಗೆ ಒಲೆ, ವರ್ಷಕ್ಕೆ ಹತ್ತಿರ ಬರುವಷ್ಟು ಕಾಲ ನಿಧಾನದ ಬಿಸಿ. ಅತ್ತೆ ಹುಟ್ಟಿದಾಗಿನಿಂದ ನೋಡಿದ್ದ ವಿದ್ಯೆ. ಅವಳು ಊರಿನಿಂದ ಬರುವಾಗಲೇ ಬಾಣಂತಿಗೆ ಕಾಯಿಸಲೆಂದು ಒಂದು ಚೀಲ ಕರಟ ತಂದಿದ್ದಳು. ಅದರಲ್ಲಿ ಅರ್ಧವನ್ನು ಹಿತ್ತಿಲಿನಲ್ಲಿ ಸುಟ್ಟು, ಹೊಗೆಯೆಲ್ಲ ಹೋಗಿ ಬರೀ ಕೆಂಡವಾದ ಮೇಲೆ ಕಬ್ಬಿಣದ ಬಾಂಡ್ಲಿಗೆ ತುಂಬಿ ಕೆಳಕೋಣೆಯ ನಡುವೆ ಇಟ್ಟಳು. ಬಿಸಿ ಪೋಲಾಗಬಾರದೆಂದು ಬಾಗಿಲು ಹಾಕಿಕೊಂಡಳು. ಅಟ್ಟಕ್ಕೆ ಬಿಸಿ ಕೊಡುವಾಗ ಒಬ್ಬರು ಕಾಯುತ್ತಾ ಕೂರುವುದು ಅವರ ಕಡೆ ರೂಢಿ. ಹಾಗಾಗಿ ಕೂತಳು. ಅಕ್ಕ ಒಬ್ಬಳೇ ಇದ್ದಾಳಲ್ಲ ಎಂದು ಅಪ್ಪನೂ ಹೋಗಿ ಕೂತ.

ಅತ್ತೆಗೆ ತಿಳಿಯದ್ದು ಒಂದೇ ಸಂಗತಿ. ಅವಳ ಮನೆಯ ಹೆಂಚುಗಳ ಸಂದಿನಲ್ಲಿ ಗಾಳಿ ಹೋಗಿ ಬರುತ್ತದೆ. ನಮ್ಮ ಕೆಳಕೋಣೆಗೆ ಮೇಲೆ ಕಾಂಕ್ರೀಟು, ಪಕ್ಕದಲ್ಲಿ ಮಣ್ಣು, ಕಿಟಕಿಗೆ ಥರ್ಮೋಕೋಲು.

ಎರಡು ಲೋಟ ಕಾಫಿ ಹಿಡಿದು ನಾನು ಮೆಟ್ಟಿಲಿಳಿದೆ. ಕೂಗಿದೆ. ಉತ್ತರವಿಲ್ಲ. ಬಾಗಿಲು ತಳ್ಳಿದೆ, ಅಲುಗಲಿಲ್ಲ. ತೇವಕ್ಕೆ ಊದಿದ ಹಲಗೆ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಕಾಫಿ ಚೆಲ್ಲದಂತೆ ಲೋಟಗಳನ್ನು ಮೆಟ್ಟಿಲ ಮೇಲೆ ಹುಷಾರಾಗಿ ಇಟ್ಟೆ. ಅದನ್ನು ನೆನೆದರೆ ಈಗ ನಗು ಬರುತ್ತದೆ. ಆಮೇಲೆ ಭುಜ ಕೊಟ್ಟು ಗುದ್ದಿದೆ. ಮತ್ತೆ ಗುದ್ದಿದೆ. ಬಾಗಿಲು ಕಿತ್ತುಕೊಂಡಂತೆ ತೆರೆದು ನಾನು ಒಳಗೆ ಬಿದ್ದೆ.

ಹೊಗೆ ಇರಲಿಲ್ಲ. ವಾಸನೆ ಇರಲಿಲ್ಲ. ಬಾಂಡ್ಲಿಯಲ್ಲಿ ಕೆಂಡ ಚೆಂದವಾಗಿ ಕೆಂಪಗೆ ಹೊಳೆಯುತ್ತಿತ್ತು. ಅತ್ತೆ ಸುತ್ತಿಟ್ಟ ಹಾಸಿಗೆಗೆ ತಲೆಯಾನಿಸಿ ವಾಲಿದ್ದಳು, ಕೆನ್ನೆ ಮದುಮಗಳಂತೆ ಕೆಂಪು. ಅಪ್ಪ ಗೋಡೆಗೊರಗಿ ಕಾಲು ಚಾಚಿ ಕೂತಿದ್ದವನು ನನ್ನನ್ನು ನೋಡಿ ನಿಧಾನವಾಗಿ ನಕ್ಕು, "ಕಾಫಿ ತಂದ್ಯಾ?" ಎಂದ. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಉರು ಹೊಡೆದ ಒಂದು ಸಾಲು ತಲೆಯಲ್ಲಿ ಬೆಂಕಿ ಹೊತ್ತಿದಂತೆ ಎದ್ದಿತು: ಗಾಳಿ ಸಾಲದ ಕಡೆ ಕೆಂಡ ಬಿಡುವ, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲ.

ಅತ್ತೆಯ ಕಂಕುಳಿಗೆ ಕೈ ಹಾಕಿ ಹೊರಗೆ ಎಳೆದೆ. ನನ್ನ ಕಿರುಚಾಟಕ್ಕೆ ಅಮ್ಮ ಓಡಿಬಂದಳು, ಎದುರು ಮನೆಯ ಆಟೋ ಓಡಿಸುವವರೂ ಕಾಂಪೌಂಡು ಹಾರಿ ಬಂದರು. ಅವರು ಅಪ್ಪನನ್ನು ಎತ್ತುವಾಗ ಅಪ್ಪ, "ಬುಡ್ರೀ, ನಾನೇ ಬತ್ತೀನಿ. ಕಾಲು ಎಲ್ಲೋ ಓಗೈತೆ, ಬತ್ತದೆ" ಎಂದು ತಕರಾರು ಮಾಡಿದ. ಅವರ ಆಟೋದಲ್ಲೇ ಆಸ್ಪತ್ರೆಗೆ ಹೋದೆವು. ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ಯಾವಾಗಲೂ ಮಾತಾಡುವ ಬಾಯಿ ಸುಮ್ಮನಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಉದ್ದದ ದಾರಿ ಇನ್ನೊಂದಿಲ್ಲ.

ಆಕ್ಸಿಜನ್ ಕೊಟ್ಟರು. ಅಪ್ಪ ಬೇಗ ಸರಿಹೋದ. ಅತ್ತೆಗೆ ಸ್ವಲ್ಪ ತಡವಾಯಿತು. ವಾಂತಿ ಮಾಡಿದಳು, ತಲೆ ಹಿಡಿದುಕೊಂಡಳು, ಕೊನೆಗೆ ಕಣ್ಣು ಬಿಟ್ಟು ಮಾಸ್ಕನ್ನು ಪಕ್ಕಕ್ಕೆ ಸರಿಸಿ ಅಮ್ಮನನ್ನು ಕೇಳಿದಳು:

"ಗ್ವಾಡೆ ಒಣಗ್ತಾ?"

ಅಮ್ಮ ಅಳುತ್ತಲೇ ನಗತೊಡಗಿದಳು. ಡಾಕ್ಟರು ಮಾತ್ರ ನಗಲಿಲ್ಲ. "ಅಜ್ಜಿ, ಇನ್ನು ಸ್ವಲ್ಪ ಹೊತ್ತು ಬಾಗಿಲು ತೆಗೀದೇ ಇದ್ದಿದ್ರೆ ನಾವು ಏನೂ ಮಾಡಕ್ಕಾಗ್ತಿರ್ಲಿಲ್ಲ" ಎಂದರು. ಆ ಮಾತು ನನ್ನ ಜೊತೆ ಮನೆಗೆ ಬಂತು.

ಮಾರನೇ ದಿನ ಅವರಿಬ್ಬರೂ ಗುಂಡುಕಲ್ಲಿನಂತೆ ನಡೆದುಕೊಂಡು ಮನೆಗೆ ಬಂದರು. ಆದರೆ ನಮಗೆ ನಿದ್ದೆ ಬಿಟ್ಟುಹೋಯಿತು. ಎಲ್ಲರೂ ಮೇಲಿನ ಹಾಲ್‌ನಲ್ಲಿ ಸಾಲಾಗಿ ಚಾಪೆ ಹಾಕಿ, ಕಿಟಕಿಗಳನ್ನೆಲ್ಲ ತೆಗೆದು ಮಲಗುತ್ತಿದ್ದೆವು. ಸೊಳ್ಳೆಗಳಿಗೆ ಹಬ್ಬ. ನಾನು ಎದ್ದೆದ್ದು ಪ್ರತಿಯೊಬ್ಬರ ಮೂಗಿನ ಬಳಿ ಕೈಯಿಟ್ಟು ಉಸಿರು ಎಣಿಸುತ್ತಿದ್ದೆ. ಒಂದು ಸಲ ಅತ್ತೆ ಕಣ್ಣು ಮುಚ್ಚಿಕೊಂಡೇ, "ಉಸ್ರಾಡ್ತಾ ಇವ್ನಿ ಕಣವ್ವ, ಓಗ್ ಮನೀಕೊ" ಎಂದಳು. ಅವಳೂ ನಿದ್ದೆ ಮಾಡುತ್ತಿರಲಿಲ್ಲ ಎಂದು ಆಗ ತಿಳಿಯಿತು.

ಸುದ್ದಿ ಕೇಳಿ ಅರಕಲಗೂಡಿನಿಂದ ಬೀಗಿತ್ತಿ ಬಂದರು. ತಂಗಿಯ ಅತ್ತೆ ಅವರು. ಕೈಯಲ್ಲಿ ಸೇಬು, ಬ್ರೆಡ್ಡು, ಮುಖದಲ್ಲಿ ಗಾಬರಿ. ರೋಗಿಗಳನ್ನು ಮಾತಾಡಿಸಿದರು, ಕಾಫಿ ಕುಡಿದರು, ಆಮೇಲೆ ಯಾರೂ ಕರೆಯದಿದ್ದರೂ ನೆಟ್ಟಗೆ ಮೆಟ್ಟಿಲಿಳಿದು ಕೆಳಕೋಣೆಯ ಗೋಡೆಗೆ ಅಂಗೈ ಒತ್ತಿದರು. ಕೈಯನ್ನು ಮೂಸಿ ನೋಡಿ, ಸೆರಗಿಗೆ ಒರೆಸಿಕೊಂಡರು.

"ನಮ್ಮನೇಲಿ ಗಾಳಿ ಬೆಳ್ಕಿರೋ ರೂಮೈತೆ ಕಣ್ರವ್ವ. ಅರಕಲಗೂಡಲ್ಲೂ ಆಸ್ಪತ್ರೆ ಐತೆ. ಬಾಣಂತೀನ ಇಂಥಾ ಗುಂಡಿಯೊಳಗೆ ಮನಗ್ಸಕ್ಕೆ ನಾನಂತೂ ಕಳ್ಸಲ್ಲ."

ಅಮ್ಮನ ಮುಖ ಬಿಳಿಚಿತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ಎಲ್ಲರ ಮನೆಯ ಪದ್ಧತಿ. ಅಮ್ಮನಿಗೆ ಅದು ಪದ್ಧತಿಗಿಂತ ಹೆಚ್ಚು. ಅವಳ ತವರು ಹೊಳೆನರಸೀಪುರದ ಕಡೆ. ಅವಳ ತಾಯಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ಕರೆದೊಯ್ದು ಎರೆದು ಮಲಗಿಸುವವರು ಅಲ್ಲಿ ಯಾರೂ ಇರಲಿಲ್ಲ. ನಾನೂ ತಂಗಿಯೂ ಹುಟ್ಟಿದಾಗ ಗೊರೂರಿನ ಕ್ವಾರ್ಟರ್ಸ್‌ಗೆ ಬಂದು ಬಿಸಿನೀರು ಎರೆದದ್ದು ಈ ಅತ್ತೆಯೇ. ತನಗೆ ಸಿಗದ ತವರನ್ನು ಮಗಳಿಗೆ ಕೊಡಬೇಕೆಂದು ಅಮ್ಮ ಹಳೆ ಸೀರೆಗಳನ್ನು ಒಗೆದು ಮಡಿಸಿ ಎಷ್ಟೋ ದಿನದಿಂದ ಕಾಯುತ್ತಿದ್ದಳು.

ಬೀಗಿತ್ತಿ ಕೆಟ್ಟವರಲ್ಲ. ಅಮ್ಮನ ಮುಖ ನೋಡಿ ಸ್ವಲ್ಪ ಇಳಿದರು. "ಅಂಗಲ್ಲ ಕಣ್ರವ್ವ. ಗ್ವಾಡೆ ಒಣಗ್ಲಿ, ಕಳುಸ್ತೀನಿ. ಆದ್ರೆ ನಾನೇ ಬಂದು ಕೈಯಿಟ್ಟು ನೋಡೇ ಕಳ್ಸದು."

ತಂಗಿ ಫೋನಿನಲ್ಲಿ, "ನಾನಂತೂ ಅಲ್ಲೇ ಬರದು. ಒದ್ದೆ ಇದ್ರೆ ಕೊಡೆ ಹಿಡ್ಕೊಂಡು ಮಲಗ್ತೀನಿ" ಎಂದಳು. ಅವಳಿಗೆ ನಗು. ನನಗೆ ಮಾತ್ರ ಆ ಕೋಣೆಯಲ್ಲಿ ಇನ್ನು ಯಾರಾದರೂ ಮಲಗುವುದನ್ನು ನೆನೆದರೇ ಎದೆ ಹೊಡೆದುಕೊಳ್ಳುತ್ತಿತ್ತು.

ಆ ವಾರ ನಮ್ಮ ಮನೆಯಲ್ಲಿ ಬಟ್ಟೆ ಒಗೆಯುವವರಿರಲಿಲ್ಲ. ಆಸ್ಪತ್ರೆ, ನೆಂಟರು, ಫೋನುಗಳ ನಡುವೆ ಬಚ್ಚಲ ಮುಂದೆ ಬಟ್ಟೆಯ ಗುಡ್ಡ ಬೆಳೆಯಿತು. ಒಂದು ಬೆಳಿಗ್ಗೆ ಅಪ್ಪ ಕೆಳಗಿನಿಂದಲೇ ಕೂಗಿದ: "ಲೇ, ಬನ್ರೇ ಇಲ್ಲಿ, ಮಟ್ಟ ಇಳುದೈತೆ!" ಹೋಗಿ ನೋಡಿದರೆ ಒದ್ದೆ ಕಲೆ ಸೀಮೆಸುಣ್ಣದ ಗೆರೆಯಿಂದ ಗೇಣುದ್ದ ಕೆಳಗೆ ಸರಿದಿತ್ತು.

ಅತ್ತೆ ಮೆಟ್ಟಿಲ ಮೇಲೇ ನಿಂತು ಸೊಂಟಕ್ಕೆ ಕೈಯಿಟ್ಟಳು. "ನೋಡ್ದಾ? ಎಲ್ರೂ ನನ್ನ ಬಯ್ದ್ರಿ. ನನ್ ಕೆಂಡದ್ ಕೆಲ್ಸ ಕಣ್ಲಾ ಅದು!"

"ಕೆಂಡ ಅಲ್ಲ ಕಣಕ್ಕ, ಬೇಸಿಗೇಲಿ ಒರತೆ ಇಳಿತದೆ."

"ಇಬ್ರನ್ನೂ ಆಸ್ಪತ್ರೆಗೆ ಕಳ್ಸಿರೋ ಕೆಂಡಕ್ಕೆ ಇಷ್ಟ್ ಮಾಡಕ್ ಆಗಲ್ವಾ?"

ಈ ವಾದ ಊಟದವರೆಗೂ ನಡೆಯಿತು. ಅಷ್ಟರಲ್ಲಿ ಅಮ್ಮ ಬಟ್ಟೆಯ ಗುಡ್ಡವನ್ನು ಒಗೆದು ಮುಗಿಸಿದ್ದಳು. ಮಾರನೇ ಬೆಳಿಗ್ಗೆ ಕಲೆ ಗೆರೆ ದಾಟಿ ಮೇಲಕ್ಕೇರಿ ಕೂತಿತ್ತು. ಕೆಂಡದ ವಾದವೂ ಬಿತ್ತು, ಬೇಸಿಗೆಯ ವಾದವೂ ಬಿತ್ತು. ನಾನು ಹಾಲಿನ ಕವರೊಂದನ್ನು ಕತ್ತರಿಸಿ ಬಿಡಿಸಿ, ಗೋಡೆಗೆ ಟೇಪಿನಿಂದ ನಾಲ್ಕೂ ಅಂಚು ಬಿಗಿದು ಬಿಟ್ಟೆ. ಒಳಗಿನ ಗಾಳಿಯ ತೇವ ಗೋಡೆಗೆ ಕೂರುತ್ತಿದ್ದರೆ ಪ್ಲಾಸ್ಟಿಕ್ಕಿನ ಈಚೆ ಬದಿ ಹನಿಯಬೇಕು. ಸಂಜೆಗೆ ಹನಿ ಕಂಡದ್ದು ಆಚೆ ಬದಿಯಲ್ಲಿ. ನೀರು ಗೋಡೆಯ ಹಿಂದಿನಿಂದ ಬರುತ್ತಿತ್ತು.

ಗೋಡೆಯ ಹಿಂದೆ ಮಣ್ಣು. ಮಣ್ಣಿನ ಮೇಲೆ, ರಸ್ತೆಯ ಮಟ್ಟದಲ್ಲಿ, ನಮ್ಮದೇ ಮನೆಯ ಪಕ್ಕದ ಅಂಗಳ. ಅಲ್ಲೇನಿದೆ ಎಂದು ನಾವೆಲ್ಲ ಒಟ್ಟಿಗೆ ಹೋಗಿ ಹೊಸದಾಗಿ ನೋಡುವವರಂತೆ ನೋಡಿದೆವು. ಬಟ್ಟೆ ಒಗೆಯುವ ಕಲ್ಲಿತ್ತು. ಅದರ ನೀರು ಪೋಲಾಗಬಾರದೆಂದು ಅಮ್ಮ ಮಾಡಿದ್ದ ಕಾಲುವೆ ಗೋಡೆಗೆ ಅಂಟಿಕೊಂಡೇ ಸಾಗಿ ಬಾಳೆ ಬುಡಕ್ಕೆ ಹೋಗುತ್ತಿತ್ತು. ಬಾಳೆ ಹಿಂಡು ಹಿಂಡಾಗಿ ಬೆಳೆದು ಗೋಡೆಯನ್ನೇ ತಬ್ಬಿಕೊಂಡಿತ್ತು. ಬೀದಿಯವರೆಲ್ಲ ಹೊಗಳುವ ಬಾಳೆ. ಕೆಸರಾಗದಿರಲಿ ಎಂದು ಅಪ್ಪ ಹಾಕಿಸಿದ್ದ ಸಿಮೆಂಟಿನ ನೆಲವೂ ನಮ್ಮ ಮನೆಯ ಕಡೆಗೇ ವಾಲಿತ್ತು.

ಅಪ್ಪ ಗುದ್ದಲಿ ತಂದು ಬಾಳೆ ಬುಡದಲ್ಲಿ ಅಗೆದ. ಕಪ್ಪು ಕೆಸರು ಬಂತು. ಅತ್ತೆ ಒಂದು ಮುದ್ದೆ ಎತ್ತಿ ಮೂಗಿಗೆ ಹಿಡಿದಳು.

"ಲೇ, ನಿನ್ ಅಂತರ್ಜಲ ಸೋಪಿನ್ ವಾಸ್ನೆ ಒಡೀತೈತೆ ಕಣ್ಲಾ!"

ಮೊದಲು ನಕ್ಕವಳು ಅಮ್ಮ. ಆಮೇಲೆ ಅಪ್ಪ, ಗುದ್ದಲಿಯ ಕಾವಿಗೆ ಹಣೆಯಿಟ್ಟುಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಹೇಮಾವತಿಯನ್ನು ಕಾಯ್ದ ಮನುಷ್ಯ ತನ್ನ ಮನೆಯ ಗೋಡೆಗೆ ದಿನಾ ಸೋಪಿನ ನೀರು ಬಿಟ್ಟುಕೊಂಡಿದ್ದ! ಆ ಭಾನುವಾರದ ನಂತರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ಎದುರು ಮನೆಯ ಆಟೋದವರು ಗಾಬರಿಯಾಗಿ ಕಾಂಪೌಂಡಿನ ಮೇಲೆ ತಲೆ ಹಾಕಿ, "ಮತ್ತೆ ಏನಾಯ್ತು ಮೇಡಂ, ಆಟೋ ತೆಗೀಲಾ?" ಎಂದು ಕೇಳಿದರು.

ಅಮ್ಮ ಹಳ್ಳಿಮೈಸೂರಿನಿಂದ ತನ್ನ ತವರಿನ ಕಡೆಯ ಗಾರೆ ಕೆಲಸದವರೊಬ್ಬರನ್ನು ಕರೆಸಿದಳು. ಅಪ್ಪ ಅವರ ಬಾಲ ಹಿಡಿದುಕೊಂಡು ತಿರುಗಿದ. ಬಾಳೆಯನ್ನು ತೆಗೆಯುವಾಗ ಮಾತ್ರ ಅಮ್ಮ ಒಳಗೆ ಹೋಗಿ ರೇಡಿಯೊ ಜೋರಾಗಿ ಹಾಕಿಕೊಂಡಳು. ಕಂದುಗಳನ್ನು ಹಿತ್ತಿಲ ಕೆಳಗಿನ ಅಂಚಿಗೆ ನೆಟ್ಟೆವು, ಕಡಿದ ಗೊನೆಯಿಂದ ಬೀದಿಗೆಲ್ಲ ಬಾಳೆಕಾಯಿ ಬಜ್ಜಿಯಾಯಿತು. ಗೋಡೆಯ ಹೊರಬದಿಗೆ, ಕೆಳಕೋಣೆಯ ನೆಲಕ್ಕಿಂತಲೂ ಕೆಳಗೆ ಹೋಗುವಂತೆ ಕಾಲುವೆ ತೋಡಿದರು. ಬಯಲಿಗೆ ಬಂದ ಇಟ್ಟಿಗೆ ಗೋಡೆಯನ್ನು ಉಜ್ಜಿ, ಆರಲು ಬಿಟ್ಟು, ನೀರು ಹೀರದ ಗಾರೆ ಹಚ್ಚಿ, ಅದರ ಮೇಲೆ ಡಾಂಬರಿನಂಥ ಕಪ್ಪು ಲೇಪ ಬಳಿದರು. ಕಾಲುವೆಯ ತಳದಲ್ಲಿ ತೂತು ಕೊರೆದ ಪೈಪು, ಅದರ ಸುತ್ತ ಮೇಲಿನವರೆಗೆ ಜಲ್ಲಿ. ಬರುವ ನೀರು ಗೋಡೆಯನ್ನು ಮುಟ್ಟುವ ಮೊದಲೇ ಜಲ್ಲಿಯಲ್ಲಿ ಇಳಿದು, ಪೈಪು ಹಿಡಿದು, ಹಿತ್ತಿಲ ಕೆಳಗಿನ ಮೋರಿಗೆ ಹೋಗಬೇಕು. ಅಂಗಳದ ನೆಲ ಈಗ ಮನೆಯಿಂದ ಆಚೆಗೆ ವಾಲಿತು. ಒಗೆಯುವ ಕಲ್ಲು ಹಿತ್ತಿಲಿಗೆ ಇಳಿಯಿತು.

ಒಳಗೆ ಉಪ್ಪು ತಿಂದ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕೆರೆದರು. ಥರ್ಮೋಕೋಲನ್ನು ನಾನೇ ಕಿತ್ತು ಬಿಸಾಡಿದೆ. ಪೂರ್ವದ ಕಡೆ ಇನ್ನೊಂದು ಕಿಟಕಿ ಒಡೆಸಬೇಕೆಂದು ಹಟ ಹಿಡಿದವಳೂ ನಾನೇ. "ಒಂದು ಕಿಟಕಿ ಸಾಲ್ದಾ?" ಎಂದು ಅಪ್ಪ ಕೇಳಿದಾಗ ಅತ್ತೆ ನನ್ನ ಪರ ನಿಂತಳು: "ಗಾಳಿ ಒಂದ್ ಕಡೆ ಬಂದು ಇನ್ನೊಂದ್ ಕಡೆ ಓಗ್ಬೇಕು ಕಣ್ಲಾ. ಬಂದೋಳು ಓಗಕ್ಕೆ ದಾರಿ ಬ್ಯಾಡ್ವಾ?" ಹಾಗೆ ಹೇಳುವಾಗ ಅವಳು ಕೋಣೆಯೊಳಗೆ ಬಂದಿರಲಿಲ್ಲ. ಹೊಸ್ತಿಲಾಚೆಯೇ ನಿಂತಿದ್ದಳು. ಆ ಭಾನುವಾರದ ಮೇಲೆ ಅವಳು ಒಳಗೆ ಕಾಲಿಟ್ಟಿರಲಿಲ್ಲ.

ಪೈಪು ಕೂರಿಸಿ ಮುಗಿದ ದಿನ ಅಪ್ಪ ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನೀರು ಬಿಡುವ ಪರೀಕ್ಷೆ. ಮೇಲಿನ ತುದಿಯಲ್ಲಿ ಅಪ್ಪ ಬಿಂದಿಗೆಗಳನ್ನು ಸಾಲಾಗಿ ಇಟ್ಟುಕೊಂಡಿದ್ದ. ಕೆಳಗಿನ ತುದಿಯಲ್ಲಿ ನಾನು. ನಡುವೆ ಅತ್ತೆ, ಕೈಯಲ್ಲಿ ಒಂದು ಪುಟ್ಟ ಮೊರ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಒಂದು ತೆಂಗಿನಕಾಯಿ.

"ಏನಕ್ಕ ಇದು?" ಎಂದ ಅಪ್ಪ.

"ಡ್ಯಾಮ್ ತುಂಬ್ದಾಗ ದೊಡ್ ದೊಡ್ಡೋರ್ ಬಂದು ಬಾಗಿನ ಬುಡ್ತಿದ್ರು, ನೀನು ಪಕ್ಕದಲ್ ನಿಂತ್ ನೋಡ್ತಿದ್ದೆ. ಇವತ್ತು ನಿನ್ ಡ್ಯಾಮು. ನಾನ್ ಬಾಗಿನ ಬುಡ್ತೀನಿ."

"ಮೋರಿಗೆ ಬಾಗಿನವಾ ಅತ್ತಿಗೆ!" ಎಂದು ಅಮ್ಮ ಸೆರಗು ಬಾಯಿಗೊತ್ತಿಕೊಂಡಳು.

"ಯಾಕೆ, ಮೋರಿ ನೀರು ಗಂಗವ್ವ ಅಲ್ವಾ? ನಗ್ಬ್ಯಾಡ, ಆರ್ತಿ ತಟ್ಟೆ ತಗಂಬಾ."

ಅಪ್ಪ ಮೊದಲ ಬಿಂದಿಗೆ ಸುರಿದ. ಎಲ್ಲರೂ ಉಸಿರು ಬಿಗಿಹಿಡಿದೆವು. ಕೆಳಗೆ ಪೈಪಿನ ಬಾಯಿ ಒಣಗಿಯೇ ಇತ್ತು. ಎರಡನೆಯದು ಸುರಿದ. "ಬಂತಾ?" "ಇಲ್ಲ." "ಈಗ?" "ಇಲ್ಲ ಅಪ್ಪ." ಗಾರೆಯವರು ತಲೆ ಕೆರೆದುಕೊಂಡು, "ಸಾ, ಜಲ್ಲಿ ಮೊದ್ಲು ಕುಡೀಬೇಕಲ್ವಾ" ಎಂದರು. ಇನ್ನೊಂದು ಬಿಂದಿಗೆಗೆ ಪೈಪು ಗೊಳಕ್ಕೆಂದಿತು, ಸ್ವಲ್ಪ ಮಣ್ಣು ಉಗುಳಿತು, ಆಮೇಲೆ ಬೆರಳು ಗಾತ್ರದ ನೀರು ನನ್ನ ಪಾದದ ಮೇಲೆ ಬಿತ್ತು. "ಬಂತು!" ಎಂದು ನಾನು ಕಿರುಚಿದ್ದಕ್ಕೆ ಆಟೋದವರು ಮತ್ತೆ ಕಾಂಪೌಂಡು ಹಾರಿ ಬಂದರು. ಅತ್ತೆ ಅವರಿಗೂ ಅರಿಶಿನ ಕುಂಕುಮ ಹಚ್ಚಿದಳು. ಮೊರ ಮೋರಿಯಲ್ಲಿ ತೇಲದೆ ಕಲ್ಲಿಗೆ ಸಿಕ್ಕಿಕೊಂಡಿತು. ಕಾಯಿಯನ್ನು ಮಾತ್ರ ಎತ್ತಿಕೊಂಡು ಬಂದು ಒಬ್ಬಟ್ಟಿಗೆ ಹಾಕಿದೆವು.

ಆಮೇಲೆ ಕಾಯುವ ಕೆಲಸ. ಕಿಟಕಿಗಳು ತೆರೆದೇ ಇದ್ದವು, ಫ್ಯಾನು ಗೋಡೆಗೆ ಮುಖ ಮಾಡಿ ತಿರುಗುತ್ತಿತ್ತು. ಕಲೆ ದಿನದಿಂದ ದಿನಕ್ಕೆ ಕುಗ್ಗಿತು. ಬೀಗಿತ್ತಿ ಬರುವ ದಿನ ಹತ್ತಿರ ಬಂದರೂ ಮೂಲೆಯಲ್ಲಿ ತಟ್ಟೆಯಷ್ಟು ಒದ್ದೆ ಉಳಿದಿತ್ತು. ಮೇಲೆ ಗಾರೆ ಹೊಡೆಸಿ ಬಣ್ಣ ಬಳಿಸಿಬಿಡೋಣ ಎಂದು ಅಪ್ಪ ಪಿಸುಗುಟ್ಟಿದ. ಅಮ್ಮ ಒಪ್ಪಲಿಲ್ಲ. "ಹಸಿ ಗ್ವಾಡೆಗೆ ಬಣ್ಣ ಬಳುದ್ರೆ ಬೀಗಿತ್ತಿಗಲ್ಲ ಮೋಸ, ನನ್ ಮಗಿಗೆ. ಇಟ್ಟಿಗೆ ಕಂಡ್ರೆ ಕಾಣ್ಲಿ."

ಬೀಗಿತ್ತಿ ಬಂದರು. ಮೆಟ್ಟಿಲಿಳಿದರು. ಅಂಗೈ ಒತ್ತಿದರು, ಮೇಲೆ, ಕೆಳಗೆ, ನಡುವೆ. ಕೈಗೆ ಇಟ್ಟಿಗೆ ಪುಡಿ ಹತ್ತಿತು. ಕೊನೆಗೆ ಮೂಲೆಯ ಹತ್ತಿರ ಹೋದರು. ಆ ಒದ್ದೆಯೂ ಹಿಂದಿನ ದಿನವೇ ಮಾಸಿ ಹೋಗಿತ್ತು. ಅವರು ಬಗ್ಗಿ ಕೆನ್ನೆಯನ್ನೇ ಗೋಡೆಗಿಟ್ಟು ನೋಡಿದರು.

"ಒಣಗೈತೆ. ಆದ್ರೆ ಬೋಳು ಇಟ್ಟಿಗೆ. ಮಗು ಎದ್ರಿಕೊಂಡ್ರೆ?"

"ಇಟ್ಟಿಗೆಗೆ ಎದ್ರಲ್ಲ ಕಣ್ರವ್ವ. ದಿನಾ ಒಬ್ರು ಬಂದು ಗ್ವಾಡೆ ನೆಕ್ಕುದ್ರೆ ಎದ್ರಿಕೊಂಡಾತು" ಎಂದಳು ಅತ್ತೆ ಹೊಸ್ತಿಲಾಚೆಯಿಂದ. ಬೀಗಿತ್ತಿ ಮೊದಲು ಕೆರಳಿ, ಆಮೇಲೆ ನಕ್ಕುಬಿಟ್ಟರು.

"ಬಾಣಂತಿಗೆ ಬೆಚ್ಚಗಿರ್ಬೇಕಲ್ಲ. ಅಗ್ಗಿಷ್ಟಿಕೆ ಇಕ್ತೀರಾ?" ಎಂದು ಕೇಳಿದರು.

ಅತ್ತೆ ಹೊಸ್ತಿಲು ದಾಟಿ ಒಳಗೆ ಬಂದಳು. ಹೊಸ ಕಿಟಕಿಯಿಂದ ಬಿಸಿಲು ಬಿದ್ದ ಜಾಗದಲ್ಲಿ ನಿಂತು ಪಾದ ಒತ್ತಿ ನೋಡಿದಳು.

"ಈ ಕ್ವಾಣೆಗೆ ಕೆಂಡ ಬ್ಯಾಡ. ನಮ್ಮಟ್ಟಿ ಉಸ್ರಾಡ್ತದೆ, ಇದು ಆಡಲ್ಲ. ಇಲ್ನೋಡಿ, ಬಿಸ್ಲು ಬತ್ತದೆ. ಇದೇ ಸಾಕು. ಸಾಂಬ್ರಾಣಿ ನಾನು ಹಿತ್ಲಲ್ಲೇ ಆಕ್ತೀನಿ."

ತಂಗಿ ಹೆಣ್ಣು ಮಗುವಿನೊಡನೆ ಆಸ್ಪತ್ರೆಯಿಂದ ಸೀದಾ ನಮ್ಮ ಮನೆಗೆ ಬಂದಳು. ಅಮ್ಮ ಬಾಗಿಲಲ್ಲಿ ಆರತಿ ಎತ್ತಿದಳು, ತಟ್ಟೆ ವಾಲಿ ಕುಂಕುಮದ ನೀರು ಅಮ್ಮನ ಸೀರೆಗೇ ಚೆಲ್ಲಿತು. ಉಳಿದ ಕರಟದಿಂದ ಹಿತ್ತಿಲ ಬಯಲಿನಲ್ಲಿ ಬಿಸಿನೀರು ಕಾಯಿತು. ಅಳುವ ಮಗು, ಎರೆಯುವ ಅತ್ತೆ, ಖಾರದ ವಾಸನೆ, ಎಲ್ಲ ಸೇರಿ ಮನೆ ಗಿಜಿಗಿಜಿ. ನಿದ್ದೆ ಮಾತ್ರ ಯಾರಿಗೂ ಇಲ್ಲ. ಅವರೆಲ್ಲರಿಗೂ ಮಗುವಿನಿಂದ, ನನಗೆ ಎಣಿಸುವುದರಿಂದ. ಎಣಿಸಲು ಒಂದು ಉಸಿರು ಹೆಚ್ಚಾಗಿತ್ತು, ಅದೂ ಕಡ್ಡಿಯಂಥ ಉಸಿರು.

ಭರಣಿ ಮಳೆ ಒಂದು ಸಂಜೆ ಗುಡುಗಿಕೊಂಡು ಬಂತು. ಹಿಡಿದದ್ದು ಬಿಡದೆ ಸುರಿಯಿತು. ನಾವೆಲ್ಲ ಕೆಳಕೋಣೆಗೆ ಓಡಿದೆವು. ಅಪ್ಪ, ಅಮ್ಮ, ಅತ್ತೆ, ನಾನು, ಮಗುವನ್ನು ಎತ್ತಿಕೊಂಡ ತಂಗಿ ಕೂಡ, ಸಾಲಾಗಿ ನಿಂತು ಗೋಡೆಗೆ ಅಂಗೈಯಿಟ್ಟೆವು. ಯಾರಾದರೂ ನೋಡಿದ್ದರೆ ನಾವು ಮನೆಯನ್ನು ತಳ್ಳುತ್ತಿದ್ದೇವೆ ಎಂದುಕೊಳ್ಳುತ್ತಿದ್ದರು. ಗೋಡೆ ಒಣಗಿತ್ತು. ಹೊರಗೆ ಪೈಪಿನ ಬಾಯಿಯಿಂದ ನೀರು ಧಬಧಬ ಸುರಿದು ಮೋರಿಗೆ ಹೋಗುವ ಸದ್ದು ಕಿಟಕಿಯಲ್ಲಿ ಕೇಳುತ್ತಿತ್ತು.

"ಗೇಟ್ ತೆಗ್ದವ್ರೆ" ಎಂದ ಅಪ್ಪ.

ಮಳೆಗೆ ಕರೆಂಟು ಹೋಗಿತ್ತು. ಊಟವನ್ನೂ ಅಲ್ಲಿಗೇ ತಂದುಕೊಂಡೆವು, ಅಲ್ಲೇ ಚಾಪೆ ಹಾಸಿದೆವು. ಎರಡೂ ಕಿಟಕಿ ತೆರೆದಿದ್ದವು. ಅತ್ತೆ ಅಪ್ಪನಿಗೆ ಯಾವುದೋ ಕುಂಟ ಎಮ್ಮೆಯ ಕಥೆ ಹೇಳುತ್ತಿದ್ದಳು. ಅವರ ಮಾತು ಎಲ್ಲಿ ನಿಂತಿತೋ ನನಗೆ ಗೊತ್ತಿಲ್ಲ.

ಎಚ್ಚರವಾದದ್ದು ಹಾಲಿನವರ ಕೂಗಿಗೆ. "ಅಮ್ಮಾ, ಆಲು! ಆಗ್ಲಿಂದ ಬೆಲ್ ಒಡೀತಿವ್ನಿ, ಎಲ್ರೂ ಊರಿಗೋಗಿದ್ದೀರಾ?" ಹೊಸ ಕಿಟಕಿಯಿಂದ ಬಿಸಿಲು ಇಟ್ಟಿಗೆಯ ಮೇಲೆ ಬಿದ್ದಿತ್ತು. ಮಳೆ ತೊಳೆದ ಗುರುವಾರ. ಅಮ್ಮ, ಅಪ್ಪ, ತಂಗಿ ದಿಕ್ಕಿಗೊಬ್ಬರಂತೆ ಬಿದ್ದು ಮಲಗಿದ್ದರು. ಅತ್ತೆಯ ಗೊರಕೆ ಹೊಳೆಯಂತೆ ಹರಿಯುತ್ತಿತ್ತು. ಎಚ್ಚರವಿದ್ದದ್ದು ಮಗು ಒಂದೇ. ಗೋಡೆಯ ಬಿಸಿಲನ್ನು ನೋಡುತ್ತಾ, ತನ್ನ ಮುಷ್ಟಿ ಚೀಪುತ್ತಾ, ಯಾರನ್ನೂ ಎಬ್ಬಿಸದೆ ಮಲಗಿತ್ತು. ಎದ್ದು ಮೆಟ್ಟಿಲು ಅರ್ಧ ಹತ್ತಿದ ಮೇಲೆ ನನಗೆ ಹೊಳೆಯಿತು, ಒಬ್ಬರ ಉಸಿರನ್ನೂ ಎಣಿಸದೆ ಬಂದಿದ್ದೆ. ತಿರುಗಿ ಹೋಗಲಿಲ್ಲ. ಮೇಲೆ ಹೋಗಿ ಹಾಲಿನ ಪಾತ್ರೆ ಹಿಡಿದು ಬಾಗಿಲು ತೆಗೆದೆ.